ಹದಿನೇಳನೆಯ ಫೋಟೋದಲ್ಲಿ ಒಂದು ಸ್ವೆಟರ್

ಎಲ್ಲಿಂದ ಶುರು ಮಾಡಲಿ? ಮೊದಲು ಎಲೆಯಿಂದ ಶುರು ಮಾಡಿದ್ದೆ. ‘ಕೆಂಪಾದ ಎಲೆಯೊಂದು ಗಾಳಿಯಲ್ಲಿ ತೇಲುತ್ತಾ...’ ಎಂದು ಬರೆದು, ಎದ್ದು ಹೋಗಿ ನೀರು ಕುಡಿದು ಬಂದು ನೋಡಿದರೆ ಎಲೆ ಇನ್ನೂ ತೇಲುತ್ತಲೇ ಇತ್ತು. ನಾಚಿಕೆಯಾಯಿತು. ಎಲೆ ಉದುರುವ ಕಾಲದ ಬಗ್ಗೆ ಬರೆಯುವವರೆಲ್ಲ ಮೊದಲ ಸಾಲಿನಲ್ಲೇ ಒಂದು ಎಲೆ ಉದುರಿಸುತ್ತಾರೆ. ಡಿಲೀಟ್.

ಎರಡನೆಯ ಡ್ರಾಫ್ಟು ಒಂದು ಸಣ್ಣ ಊರಿನಿಂದ ಶುರುವಾಗಿತ್ತು. ಕಲ್ಲಿನ ಸೇತುವೆ, ಇಳಿಜಾರು ರಸ್ತೆ, ಇಕ್ಕೆಲದಲ್ಲಿ ಮರಗಳು. ಚೆನ್ನಾಗಿಯೇ ಇತ್ತು, ಆದರೆ ಎರಡು ಪುಟ ಕಳೆದರೂ ಊರಿನಲ್ಲಿ ಒಂದು ನರಪಿಳ್ಳೆ ಕಾಣಿಸಲಿಲ್ಲ. ಅದೂ ಹೋಯಿತು.

(ಓದುಗರೇ, ನೀವು ಸರಿಯಾದ ಹೊತ್ತಿಗೆ ಬಂದಿದ್ದೀರಿ. ಇಲ್ಲಿಯವರೆಗೆ ಏನೂ ನಡೆದಿಲ್ಲ.)

೧

ಆಗ ಸಣ್ಣಿ ಬಂದಳು. ವಯಸ್ಸು ನಲವತ್ತೆರಡು. ದೊಡ್ಡ ನಗರದ ಒಂದು ಪ್ರೆಸ್ಸಿನಲ್ಲಿ, ಅಚ್ಚಿಗೆ ಹೋಗುವ ಮುಂಚೆ ಫೋಟೋಗಳ ಬಣ್ಣ ತಿದ್ದುವುದು ಅವಳ ಕೆಲಸ.

“ಸಣ್ಣಿ ಅನ್ಬೇಡಿ,” ಎಂದಳು, ಬಂದ ಕೂಡಲೇ. “ಆ ಹೆಸರಲ್ಲಿ ಕರೀತಿದ್ದೋರು ಇಬ್ಬರೇ. ಅಮ್ಮ ಈಗಿಲ್ಲ. ಅಕ್ಕ ಇದ್ದಾಳೆ, ಮಾತಾಡಲ್ಲ.”

“ಮತ್ತೆ ಏನಂತ ಕರೀಲಿ?”

“ಸದ್ಯಕ್ಕೆ ಅದನ್ನೇ ಇಟ್ಕೊಳ್ಳಿ. ಕರೀಬೇಕಾದೋಳು ಕರೆದಾಗ ವಾಪಸ್ ಕೊಡಬೇಕು, ಅಷ್ಟೆ.”

ಒಪ್ಪಿಕೊಂಡೆ. ತನ್ನದೇ ಪಾತ್ರದ ಹತ್ತಿರ ಹೆಸರಿಗಾಗಿ ಚೌಕಾಸಿ ಮಾಡಿದ ಲೇಖಕ ನಾನೊಬ್ಬನೇ ಇರಬೇಕು.

೨

ಆ ದಿನ ಬೆಳಿಗ್ಗೆ ಅವಳ ಕಂಪ್ಯೂಟರಿಗೆ ಇಪ್ಪತ್ನಾಲ್ಕು ಫೋಟೋಗಳು ಬಂದವು. ಯಾವುದೋ ಸಣ್ಣ ಊರಿನ ಪುರಸಭೆಯವರು, ಜನ ನೋಡಲು ಬರಲಿ ಎಂದು, ಎಲೆ ಉದುರುವ ಕಾಲದ ಚಿತ್ರಗಳ ಪುಸ್ತಿಕೆ ಮಾಡಿಸುತ್ತಿದ್ದರು. ಸಂಜೆ ಐದಕ್ಕೆ ಫೈಲು ಕೆಳಗಿನ ಮೆಷಿನ್ ರೂಮಿಗೆ ಹೋಗಬೇಕು. ಮೊದಲನೆಯ ಫೋಟೋ ತೆರೆದಾಗ ಸಣ್ಣಿಯ ಕೈ ಮೌಸಿನ ಮೇಲೆ ಹಾಗೇ ನಿಂತಿತು. ಯಾವುದೋ ಊರಲ್ಲ, ಅವಳದೇ ಊರು. ಒಂಬತ್ತು ವರ್ಷದಿಂದ ಕಾಲಿಡದ ಊರು.

ಯಾರಿಗೂ ಹೇಳಲಿಲ್ಲ. ತಿದ್ದುತ್ತಾ ಹೋದಳು. ಸೇತುವೆಯ ಕಲ್ಲನ್ನು ಕ್ಯಾಮೆರಾ ಬರೀ ಬೂದು ಮಾಡಿತ್ತು. ಅದರ ನೆರಳಿನ ಬದಿಗೆ ಪಾಚಿಯ ಹಸಿರು ಇರುತ್ತದೆಂದು ಅವಳಿಗೆ ಗೊತ್ತು, ತಂದು ಕೊಟ್ಟಳು. ಶಾಲೆಯ ರಸ್ತೆಯ ಮರಗಳಿಗೆ ಕೆಂಪು ಸಾಲದಾಗಿತ್ತು, ಏರಿಸಿದಳು.

ಪ್ರೆಸ್ಸಿನ ಯಜಮಾನರು ಬೆನ್ನ ಹಿಂದೆ ಬಂದು ನಿಂತರು. “ಇಷ್ಟೊಂದು ಕೆಂಪು ಇರತ್ತಾ ಮೇಡಂ?”

“ಇರತ್ತೆ ಸಾರ್.”

“ನೀವು ನೋಡಿದ್ದೀರಾ?”

“ಮರ ಎಲ್ಲಾ ಕಡೆ ಮರಾನೇ ಅಲ್ವಾ ಸಾರ್.”

ಹೀಗೆ ಹದಿನಾರು ಫೋಟೋಗಳನ್ನು ಅವಳು ಕಣ್ಣಿನಿಂದಲ್ಲ, ನೆನಪಿನಿಂದ ತಿದ್ದಿದಳು. (ಈ ಸಾಲು ಬರೆದು ಬೀಗುತ್ತಿದ್ದೆ. “ಹಾಗೇನಿಲ್ಲ, ಬಣ್ಣದ ಅಳತೆ ನೋಡ್ಕೊಂಡೇ ತಿದ್ದಿದ್ದು,” ಎಂದು ಸಣ್ಣಿ ತಣ್ಣೀರೆರಚಿದಳು. ಆದರೂ ಬಿಟ್ಟಿದ್ದೇನೆ. ನಾನೂ ಬದುಕಬೇಕಲ್ಲ.)

೩

(ಇದನ್ನು ಮೊದಲೇ ಹೇಳಬೇಕಿತ್ತು. ಮರೆತೆ.)

ಒಂಬತ್ತು ವರ್ಷದ ಹಿಂದೆ ಅಮ್ಮ ಹಾಸಿಗೆ ಹಿಡಿದಾಗ ಪ್ರೆಸ್ಸಿನಲ್ಲಿ ಕ್ಯಾಲೆಂಡರುಗಳ ಭರಾಟೆ. ಇನ್ನು ನಾಲ್ಕೇ ದಿನ, ಕೆಲಸ ಮುಗಿಸಿ ಬರುತ್ತೇನೆ ಎಂದಳು ಸಣ್ಣಿ. ಅಮ್ಮ ಮೂರನೆಯ ದಿನ ಹೊರಟುಹೋದಳು. ಫೋನಿನಲ್ಲಿ ಅಕ್ಕ ಅಳಲೂ ಇಲ್ಲ, ಬೈಯಲೂ ಇಲ್ಲ. “ನಿನ್ನ ಬಣ್ಣ ಎಲ್ಲಾ ಒಣಗಿದ ಮೇಲೆ ಬಾ,” ಎಂದು ಇಟ್ಟುಬಿಟ್ಟಳು.

ಅಕ್ಕ ಊರಿನ ಅಂಚೆ ಕಚೇರಿಯಲ್ಲಿದ್ದಾಳೆ. ದಿನಕ್ಕೆ ನೂರಾರು ಕಾಗದಗಳಿಗೆ ಮುದ್ರೆ ಒತ್ತುವವಳು, ತಂಗಿಗೆ ಒಂದು ಗೆರೆ ಬರೆಯಲಿಲ್ಲ. ತಂಗಿಯೂ ಬರೆಯಲಿಲ್ಲ. ಮೊದಮೊದಲು ಮುಖ ತೋರಿಸಲು ನಾಚಿಕೆ ಇತ್ತು. ಆಮೇಲೆ ಅದು ಹಠವಾಯಿತು, ಹಠ ರೂಢಿಯಾಯಿತು. ಊರು ಬೇಕು ಎನ್ನುವುದೊಂದು ಮಾತ್ರ ಹೋಗಲಿಲ್ಲ. ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಸುಮ್ಮನೆ ಅಕ್ಕನ ಅಡುಗೆಮನೆಯ ಕಿಟಕಿ ನೆನಪಾಗಿ, ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿಬಿಡುತ್ತಿದ್ದಳು.

೪

ಹದಿನೇಳನೆಯದು ಸಣ್ಣಿ ಹುಟ್ಟಿ ಬೆಳೆದ ಮನೆಯ ಹಿತ್ತಲು. ಈಗ ಅಲ್ಲಿ ಅಕ್ಕ ಇದ್ದಾಳೆ.

ಸುಣ್ಣ ಬಳಿದ ಗೋಡೆ. ಗೋಡೆಯ ಮುಂದೆ ಹಗ್ಗ. ಹಗ್ಗದ ಮೇಲೆ ಬಿಳಿ ಹೊದಿಕೆ, ಅಕ್ಕನ ಕಂದು ಕೋಟು, ಒಂದು ಸ್ವೆಟರ್. ಫೋಟೋಗಳ ಜೊತೆಗೆ ಬಂದ ಸೂಚನೆಗಳ ಪಟ್ಟಿಯಲ್ಲಿ ಹದಿನೇಳರ ಎದುರು ‘ಬಟ್ಟೆ ಅಳಿಸಿ...’ ಎಂದಿತ್ತು.

ಸ್ವೆಟರಿನ ಎಡಗೈ ತೋಳು ಬಲಗೈಗಿಂತ ಎರಡು ಬೆರಳು ಉದ್ದ. ಅಮ್ಮ ಲೆಕ್ಕ ತಪ್ಪಿ ಹೆಣೆದದ್ದು, ಸಣ್ಣಿಯದೇ.

ಅಮ್ಮನದೊಂದು ಕಟ್ಟುನಿಟ್ಟಿತ್ತು. ಎಲೆ ಉದುರಲು ಶುರುವಾದರೆ ಪೆಟ್ಟಿಗೆ ತೆಗೆದು ಉಣ್ಣೆ ಬಟ್ಟೆಗಳನ್ನು ತಿಂಗಳಿಡೀ ದಿನವೂ ಬಿಸಿಲಿಗೆ ಹಾಕುವುದು. ಆದರೆ ಆ ಚಳಿಗೆ ಮನೆಯಲ್ಲಿ ಇರುವವರದ್ದು ಮಾತ್ರ. ಸೋದರಮಾವ ಬೇರೆ ಊರಿಗೆ ಹೋದ ವರ್ಷ ಅವನ ಕೋಟು ನುಸಿಗುಳಿಗೆಗಳ ಜೊತೆ ಪೆಟ್ಟಿಗೆಯಲ್ಲೇ ಉಳಿದಿತ್ತು.

ಸಣ್ಣಿಗೆ ಬಣ್ಣ ಸರಿಕಾಣಲಿಲ್ಲ. ಅಮ್ಮ ತಂದ ಉಣ್ಣೆ ಸಾಸಿವೆ ಹೂವಿನ ಹಳದಿ, ಇಲ್ಲಿರುವುದು ಹಳೆಯ ಕಾಗದದ ಬಣ್ಣ. ಕ್ಯಾಮೆರಾದ ತಪ್ಪು ಎಂದುಕೊಂಡು ಹಳದಿ ಏರಿಸಿದಳು. ಸ್ವೆಟರ್ ಸರಿಯಾಯಿತು, ಗೋಡೆಗೂ ಹೊದಿಕೆಗೂ ಅರಿಸಿನ ಬಳಿದಂತಾಯಿತು. ಇಳಿಸಿದಳು. ಮತ್ತೆ ಏರಿಸಿದಳು. ಗೋಡೆಯ ಬಿಳುಪು ಸರಿಯಿದೆ, ಹೊದಿಕೆಯ ಬಿಳುಪು ಸರಿಯಿದೆ, ಹಾಗಾದರೆ ಕ್ಯಾಮೆರಾ ತಪ್ಪು ಮಾಡಿಲ್ಲ. ಇಪ್ಪತ್ತು ವರ್ಷ ಬಣ್ಣದಲ್ಲೇ ಕೈ ಪಳಗಿಸಿದವಳಿಗೆ ಅಷ್ಟು ತಿಳಿಯಲು ಐದು ನಿಮಿಷ ಬೇಕಾಯಿತು. ಸ್ವೆಟರೇ ಮಾಸಿತ್ತು. ಅಂಥ ಉಣ್ಣೆ ಒಂದು ವರ್ಷದ ಬಿಸಿಲಿಗೆ ಮಾಸುವುದಿಲ್ಲ. ಅಕ್ಕ ಅದನ್ನು ಒಂಬತ್ತು ವರ್ಷವೂ ಹೊರಗೆ ಹಾಕಿದ್ದಳು.

೫

ಗಂಟೆ ನಾಲ್ಕೂಕಾಲು. ಲೇಖಕನಾಗಿ ನನಗೂ ಜವಾಬ್ದಾರಿ ಇದೆ. ಅಂತ್ಯಗಳನ್ನು ಹೊರತೆಗೆದೆ.

ಅಂತ್ಯ ಒಂದು: ‘ಸಣ್ಣಿ ಬಸ್ಸು ಹತ್ತಿದಳು. ಕಿಟಕಿ ಪಕ್ಕದ ಸೀಟೇ ಸಿಕ್ಕಿತು.’

“ಇಳಿಸಿ ನನ್ನ.”

“ಯಾಕೆ? ಊರಿಗೆ ಹೋಗೋ ಆಸೆ ಇಲ್ವಾ?”

“ಆಸೆಗೇನು. ಹೋಗಿ ಬಾಗಿಲು ತಟ್ಟಿ, ಅವಳು ತೆಗೀದೇ ಇದ್ರೆ? ನೀವೇನೋ ಕಥೆ ಮುಗೀತು ಅಂತ ಎದ್ದು ಹೋಗ್ತೀರಾ. ಹೊಸಿಲಲ್ಲಿ ನಿಂತಿರೋಳು ನಾನು.” ನನ್ನ ಕಡೆ ತಿರುಗಿ ಕೇಳಿದಳು, “ಅದಿರಲಿ, ನೀವು ನಿಮ್ಮೂರಿಗೆ ಹೋಗಿ ಎಷ್ಟು ವರ್ಷ ಆಯ್ತು?”

(ಈ ಪ್ರಶ್ನೆಗೆ ಉತ್ತರಿಸಲು ಇಲ್ಲಿ ಜಾಗವಿಲ್ಲ.)

ಬಸ್ಸಿನಿಂದ ಇಳಿಸಿದೆ.

ಅಂತ್ಯ ಎರಡು: ಪಟ್ಟಿಯಲ್ಲಿ ಹೇಳಿದಂತೆ ಸಣ್ಣಿ ಬಟ್ಟೆ ಅಳಿಸುತ್ತಾಳೆ, ಫೈಲು ಹೋಗುತ್ತದೆ, ಮೆಷಿನ್ನಿನ ಸದ್ದು ಶುರುವಾಗುತ್ತದೆ. ವಿಷಾದ ಇದೆ, ಸಂಯಮ ಇದೆ, ಸಂಪಾದಕರು ತಲೆದೂಗುತ್ತಾರೆ. ಸಣ್ಣಿ ಇದಕ್ಕೆ ಎದುರಾಡಲಿಲ್ಲ. ಅದೇ ನನಗೆ ಹೆದರಿಕೆಯಾದದ್ದು. ಮೌಸ್ ಹಿಡಿದು ಸ್ವೆಟರಿನ ಸುತ್ತ ಗೆರೆ ಎಳೆದೇಬಿಟ್ಟಳು. ಈ ಕೆಲಸದಲ್ಲಿ ಇರುವುದನ್ನು ಇಲ್ಲವಾಗಿಸುವುದು ಸುಲಭ, ಪಕ್ಕದ ಗೋಡೆಯ ತುಣುಕು ತಂದು ಮುಚ್ಚಿದರೆ ಸಾಕು.

ಆದರೆ ಕೆಲಸದಲ್ಲಿ ಅಚ್ಚುಕಟ್ಟಿನವಳು. ಸೂಚನೆಯನ್ನು ಪೂರ್ತಿ ಓದದೆ ಏನನ್ನೂ ಅಳಿಸುವವಳಲ್ಲ. ಪಟ್ಟಿಯ ಮೇಲೆ ಒತ್ತಿದಾಗ, ಮೊಟಕಾಗಿದ್ದ ಸಾಲು ಬಿಚ್ಚಿಕೊಂಡಿತು. ಫೋಟೋಗ್ರಾಫರ್ ಬರೆದದ್ದು:

‘ಬಟ್ಟೆ ಅಳಿಸಿ. ಎರಡು ನಿಮಿಷ ಒಳಗಿಡಿ ಎಂದು ಆ ಮನೆಯವರನ್ನು ಕೇಳಿಕೊಂಡೆ. ಉಳಿದದ್ದು ಬೇಕಾದರೆ ತೆಗೀತೀನಿ, ಸ್ವೆಟರ್ ಮಾತ್ರ ಮುಟ್ಟಲ್ಲ ಎಂದರು. ಅದನ್ನು ತೆಗೆಯಲು ಅದರವಳೇ ಬರಬೇಕಂತೆ. ಬೇರೆ ದಾರಿ ಕಾಣದೆ ಹಾಗೇ ಕ್ಲಿಕ್ಕಿಸಿದೆ. ದಯವಿಟ್ಟು ನೀವೇ ತೆಗೆದುಬಿಡಿ.’

ಸಣ್ಣಿ ಮೂರು ಸಲ ಓದಿದಳು. ಆಮೇಲೆ ಬಿಕ್ಕಿಬಿಕ್ಕಿ ಅತ್ತಳು. ಅದನ್ನು ನಾನು ಹೇಳಿಕೊಟ್ಟದ್ದಲ್ಲ.

೬

ಉಳಿದ ಏಳೂ ಮುಗಿದು, ಫೈಲು ಐದಕ್ಕೆ ಸರಿಯಾಗಿ ಹೋಯಿತು. ಹದಿನೇಳನೆಯದರಲ್ಲಿ ಹೊದಿಕೆ ಇಲ್ಲ, ಕೋಟು ಇಲ್ಲ. ಸ್ವೆಟರ್ ಇತ್ತು, ಮಾಸಿದ ಬಣ್ಣದಲ್ಲೇ.

“ಎಲ್ಲಾ ಅಳಿಸಿ ಅಂದಿದ್ರಲ್ಲ ಮೇಡಂ?” ಎಂದರು ಯಜಮಾನರು.

“ಅದು ನನ್ನದು ಸಾರ್. ಅವರು ಕೇಳಿದ್ರೆ ನನ್ನ ಹೆಸರೇ ಹೇಳಿ.”

ಯಜಮಾನರು ಅವಳ ಮುಖ ನೋಡಿ ಮೆಷಿನ್ ರೂಮಿಗೆ ಇಳಿದರು.

ಅವಳು ಫೋನ್ ಹಿಡಿದು ಮೆಟ್ಟಿಲಿಗೆ ಬಂದಳು. ಇಲ್ಲಿಂದ ಮುಂದಿನದು ನನ್ನ ಕೈಯಲ್ಲಿಲ್ಲ. ಅಕ್ಕ ಫೋನ್ ಎತ್ತುವುದಿಲ್ಲ ಎಂದು ನಾನು ಬರೆದಿಟ್ಟಿದ್ದೆ, ಅದೇ ಹೆಚ್ಚು ಸಾಹಿತ್ಯಿಕ ಎಂದು. ಅಕ್ಕ ಎತ್ತಿದಳು.

“ಹಲೋ.”

ಸಣ್ಣಿ ಫೋನನ್ನು ಕಿವಿಗೆ ಒತ್ತಿಕೊಂಡಳು. ಕೆಳಗೆ ಮೆಷಿನ್ನು ಧಡಧಡ ಎನ್ನುತ್ತಿತ್ತು. ಅಕ್ಕ ಸುಮ್ಮನೆ ಅದನ್ನೇ ಕೇಳಿಸಿಕೊಂಡಳು, ತುಂಬಾ ಹೊತ್ತು.

“ಬಣ್ಣ ಒಣಗಿತೇನೇ, ಸಣ್ಣಿ?”

ಕೊಟ್ಟ ಮಾತಿನಂತೆ ಹೆಸರು ವಾಪಸ್ ಕೊಟ್ಟಿದ್ದೇನೆ. ಮೆಟ್ಟಿಲ ಮೇಲೆ ನಿಂತವಳನ್ನು ಇನ್ನು ಏನೆಂದು ಕರೆಯುವುದೋ, ಕರೆಯದೆ ಮುಂದಿನ ಸಾಲು ಹೇಗೆ ಬರೆಯುವುದೋ ನನಗೆ ತಿಳಿಯದು. ಉತ್ತರ ಕೊಡಲು ಬಾಯಿ ತೆರೆದಿದ್ದಾಳೆ. ಓದುಗರೇ, ಇದು ಅಕ್ಕತಂಗಿಯರ ಮಾತು, ನಾವಿಬ್ಬರೂ ಸ್ವಲ್ಪ ಆಚೆ ಹೋಗೋಣ. ನನಗೂ ಒಂದು ಫೋನ್ ಮಾಡುವುದಿದೆ.