ಅವನ ಹೆಸರಿನಲ್ಲಿ ಓಡುತ್ತಿದ್ದ ಲೆಕ್ಕ

ಅವಳೊಡನೆ ಸಂಶೋಧನಾ ಲೇಖನ ಬರೆಯುತ್ತಿದ್ದ ವಿದೇಶಿ ವಿಜ್ಞಾನಿ ಅವನು; ತೀರಿಕೊಂಡು ತಿಂಗಳಾಗಿತ್ತು. ಆದರೂ ಬೆಳಿಗ್ಗೆ ಬಂದು ಅವಳು ಕಂಪ್ಯೂಟರ್ ತೆರೆದರೆ, ಲೆಕ್ಕಗಳ ಸರದಿಯಲ್ಲಿ ಅವನ ಹೆಸರು ಎಲ್ಲಕ್ಕಿಂತ ಮೇಲೆ. ಸಮುದ್ರದಾಚೆ ಕೂತು ಅವನು ಬರೆದ ಪ್ರೋಗ್ರಾಂ, ಕೊಟ್ಟ ಅವಧಿ ಮುಗಿದ ಕೂಡಲೇ ನಿಂತಲ್ಲಿಂದ ತಾನಾಗಿ ಮತ್ತೆ ಶುರುವಾಗುತ್ತಿತ್ತು. ಶಕ್ತಿಯ ಅಂಕಿ ಕೊಂಚ ಇಳಿದಾಗಲೆಲ್ಲ ಪರದೆಯ ಮೇಲೊಂದು ಸಾಲು: "ತಾಳು ಅಕ್ಕಾ, ಇನ್ನೂ ಇಳೀತಿದೆ." ವಿಡಿಯೋ ಕರೆಗಳಲ್ಲಿ ಅವಳ ಮಗಳಿಂದ ಕಲಿತ ಕನ್ನಡ.

ಇಬ್ಬರದೂ ವರ್ಷಗಳ ಜಗಳ. ಪರಮಾಣುಗಳ ತೆಳುಪದರವೊಂದನ್ನು ಎಷ್ಟೇ ತಣ್ಣಗಾಗಿಸಿದರೂ ಅದರ ಸ್ಪಿನ್‌ಗಳು, ಅಂದರೆ ಪುಟಾಣಿ ಕಾಂತಸೂಜಿಗಳು, ನೆಲೆ ನಿಲ್ಲುವುದಿಲ್ಲವೆಂದು ಅವನು. ಸಾಲು ಹಿಡಿದು ನಿಲ್ಲುತ್ತವೆಂದು ಅವಳು. ಸೂಜಿಗಳ ಯಾವ ಜೋಡಣೆಗೆ ಶಕ್ತಿ ಕಡಿಮೆಯೋ, ಅದನ್ನು ಹೇಳಿದವರೇ ಸರಿ. ಅವಳ ಲೆಕ್ಕ ಮೊದಲೇ ಮುಗಿದು, ಅದರ ಉತ್ತರ ಅವನ ಕೈ ಸೇರಿತ್ತು. ಈಗ ಅವನದು ದಿನದಿನವೂ ಅವಳ ಅಂಕಿಯ ಹತ್ತಿರ ಬರುತ್ತಿತ್ತು. ಸತ್ತ ಮೇಲೆ ಒಪ್ಪಿಕೊಳ್ಳುತ್ತಿದ್ದಾನಲ್ಲ ಎಂದು ಮೈ ಜುಮ್ಮೆನ್ನುತ್ತಿತ್ತು.

ಕಂಪ್ಯೂಟರ್ ಕೇಂದ್ರದ ಮೇಲ್ವಿಚಾರಕ ಫೋನ್ ಮಾಡಿದ.

"ಮೇಡಂ, ಆ ಅಕೌಂಟ್ ನಾಳೆ ಮುಚ್ಚಬೇಕು."

"ಇನ್ನೊಂದು ವಾರ ಬಿಡಿ ಸಾರ್. ಮುಗಿಯೋ ಹಂತದಲ್ಲಿದೆ."

"ಬದುಕಿರೋರೇ ಸಾಲಲ್ಲಿ ಕಾಯ್ತಿದ್ದಾರೆ. ಸತ್ತೋರಿಗೆ ಮೊದಲ ಸರದಿ ಕೊಟ್ರೆ ನನ್ನ ಕೆಲಸಕ್ಕೇ ಕುತ್ತು. ಬೇಕಾದ್ರೆ ನಿಮ್ಮ ಹೆಸರಲ್ಲಿ ಓಡಿಸ್ಕೊಳ್ಳಿ."

ಒಬ್ಬರ ಪ್ರೋಗ್ರಾಂ ಇನ್ನೊಬ್ಬರು ನೋಡಬಾರದೆಂದು ಇಬ್ಬರೂ ಕರಾರು ಮಾಡಿಕೊಂಡಿದ್ದರು. ನೋಡಿದರೆ ಮನಸ್ಸು ಅತ್ತಲೇ ವಾಲುತ್ತದೆ. ಈಗ ಬೇರೆ ದಾರಿಯಿರಲಿಲ್ಲ. ತೆರೆದು ಓದಿದಳು. ಅವಳ ಉತ್ತರದಲ್ಲಿದ್ದ ಸೂಜಿಗಳ ಸಾಲುಗಳನ್ನೇ ಕೊಂಚ ಕಲಕಿ, ಅಲ್ಲಿಂದಲೇ ಅವನು ಲೆಕ್ಕ ಶುರುಮಾಡಿದ್ದ. ಮೊದಲ ಅವಕಾಶ ಎದುರಾಳಿಗೆ ಕೊಡುವುದು ಅವನ ಸ್ವಭಾವ. ತನ್ನ ಜೋಡಣೆಯಿಂದ ಶುರುಮಾಡುವಷ್ಟರಲ್ಲಿ ಅವನ ಹೃದಯ ನಿಂತಿತ್ತು. ಅವಳ ಉತ್ತರದಿಂದ ಹೊರಟದ್ದು ಅವಳ ಉತ್ತರಕ್ಕೇ ಮರಳುತ್ತಿತ್ತು; ಇಷ್ಟು ದಿನ ಪರದೆಯಿಂದ ಹೂಂಗುಟ್ಟುತ್ತಿದ್ದುದು ಅವಳದೇ ಧ್ವನಿ.

ಹಾಗೇ ಬಿಟ್ಟರೆ ಲೇಖನ ಅವಳ ಪರವಾಗಿಯೇ ಅಚ್ಚಾಗುತ್ತಿತ್ತು. ಕೇಳುವವರೂ ಇರಲಿಲ್ಲ.

ಅವಳು ಆ ಆರಂಭವನ್ನು ಅಳಿಸಿ, ಸೂಜಿಗಳನ್ನು ಅಡ್ಡಾದಿಡ್ಡಿ ಎರಚಿ, ತನ್ನ ಹೆಸರಿನಲ್ಲಿ ಓಡಿಸಿದಳು. ಅಂಕಿ ಇಳಿಯುತ್ತ ಅವಳದರ ಬಳಿ ಬಂತು. ಒಂದು ದಿನ ಅಲ್ಲೇ ತಡವರಿಸಿತು. ಮಾರನೆಯ ದಿನ, ಮನೆಯ ಊಟದ ಮೇಜಿನ ಮೇಲಿದ್ದ ಲ್ಯಾಪ್‌ಟಾಪಿನಲ್ಲಿ, ಅದನ್ನೂ ದಾಟಿ ಕೆಳಗಿಳಿಯಿತು.

ಮಗಳು ಹಿಂದಿನಿಂದ ಇಣುಕಿದಳು. "ಯಾರು ಗೆದ್ರಮ್ಮಾ?"

"ಮಾಮನೇ."

"ಹಾಗಾದ್ರೆ ನೀನಿಷ್ಟು ವರ್ಷ ಮಾಡಿದ್ದು?"

"ನೀರಲ್ಲಿ ಹೋಮ. ಹೋಗು, ಓದ್ಕೋ."

ಲೇಖನದ ಅರ್ಧ ಭಾಗ ಅವಳ ವಾದದ್ದು. ಅದನ್ನು ಕೊನೆಯಿಂದ ಅಳಿಸುತ್ತ ಬಂದಳು. ಪ್ರತಿ ಪ್ಯಾರಾ ಅಳಿಸುವ ಮೊದಲು, ಅವನು ತಕರಾರು ತೆಗೆದಾನೆಂಬಂತೆ, ಕೊಂಚ ಹೊತ್ತು ಕಾದಳು.