ಮಂಜಿನಾಚೆ ಕಂಡ ಮಂತ್ರವಾದಿ

ಪರೀಕ್ಷಕಿ ಕುರ್ಚಿ ಎಳೆದುಕೊಂಡು ಕೂತ ಮೇಲೆ ಆಟ ತಯಾರಿಸಿದ ಹುಡುಗಿಗೆ ನೆನಪಾಯಿತು: ಮಂತ್ರವಾದಿಯ ಕಣ್ಣು ಮುಚ್ಚಿಸಿರಲಿಲ್ಲ. ಒಲೆ ಆರಿಸದೆ ಊರಿಗೆ ಹೊರಟವರಿಗೆ ಬಸ್ಸಿನಲ್ಲಿ ನೆನಪಾಗುತ್ತದಲ್ಲ, ಹಾಗೆ.

ಮಂತ್ರವಾದಿ ಎಂದರೆ ಕಂಪ್ಯೂಟರ್ ಆಟದೊಳಗಿನ ಒಬ್ಬ ಗಡ್ಡದವನು. ಅವನಿಗೆ ಬುದ್ಧಿ ಕೊಟ್ಟವಳು ಇವಳೇ. ಬುದ್ಧಿ ಎನ್ನುವುದು ದೊಡ್ಡ ಮಾತಾಯಿತು, ಪಾಪ, ಅವನಿಗೆ ಬರುವುದು ಕೂಡುವುದು ಕಳೆಯುವುದು ಅಷ್ಟೇ. ತನ್ನ ಸರದಿ ಬಂದಾಗ ಒಂದೊಂದು ಮಂತ್ರವನ್ನೂ ತೂಗಿ ನೋಡುತ್ತಾನೆ. ಶತ್ರುಗಳು ಎಷ್ಟು ಜನ ಬೀಳುತ್ತಾರೆ, ತನ್ನವರು ಎಷ್ಟು ಜನ ಸುಡುತ್ತಾರೆ, ಇರುವ ಮಂತ್ರಶಕ್ತಿ ಸಾಲುತ್ತದೆಯೇ. ಯಾವುದರಲ್ಲಿ ಲಾಭ ಹೆಚ್ಚೋ ಅದನ್ನು ಎಸೆಯುತ್ತಾನೆ. ಆದರೆ ಮಂಜು ಮುಸುಕಿದ ಜಾಗದಲ್ಲಿ ಅಡಗಿದವರು ಅವನ ಲೆಕ್ಕಕ್ಕೆ ಬರಕೂಡದು. ಲೆಕ್ಕ ತಪ್ಪುತ್ತಿಲ್ಲ ತಾನೇ ಎಂದು ನೋಡಲು ಇವಳು ಅವನಿಗೆ ಮಂಜಿನಾಚೆಯದೂ ಕಾಣುವಂತೆ ಮಾಡಿಟ್ಟಿದ್ದಳು. ಕೆಲಸ ಮುಗಿದ ಮೇಲೆ ತೆಗೆಯಬೇಕಿತ್ತು. ಮರೆತುಬಿಟ್ಟಳು.

ಆಟದ ಡಬ್ಬಿಯ ಮೇಲೆ ಮಾತ್ರ ದಪ್ಪಕ್ಷರದಲ್ಲಿ ಅಚ್ಚಾಗಿಹೋಗಿತ್ತು: ನಮ್ಮ ಮಂತ್ರವಾದಿ ಮೋಸ ಮಾಡುವುದಿಲ್ಲ.

ಬರೆಸಿದ್ದು ಚಿಕ್ಕಮ್ಮ. ಈ ಪುಟ್ಟ ಕಂಪನಿ ಅವರದು. ತಾಯಿಯಿಲ್ಲದ ಇವಳನ್ನು ಸಾಕಿದ್ದೂ ಅವರೇ, ಕೆಲಸಕ್ಕೆ ಹಚ್ಚಿದ್ದೂ ಅವರೇ. ಹಿಂದಿನ ಆಟ ನೆಲಕಚ್ಚಿತ್ತು. ಇದೂ ಹೋದರೆ ಬಾಗಿಲು ಹಾಕಬೇಕು. ಎದುರಿಗೆ ಕೂತಿದ್ದ ಪರೀಕ್ಷಕಿಯೋ, ಎಲ್ಲರ ಬಾಯಲ್ಲಿ 'ಸೂಜಿ'. ಆಟದಲ್ಲಿ ಎಲ್ಲಿ ಕಳ್ಳತನವಿದ್ದರೂ ಚುಚ್ಚಿ ತೆಗೆಯುವವಳು. ಅವಳು ಚೆನ್ನಾಗಿಲ್ಲವೆಂದು ಬರೆದ ಆಟವನ್ನು ಅಂಗಡಿಯವರು ಮುಟ್ಟುತ್ತಿರಲಿಲ್ಲ.

"ಯಾಕೆ ಮುಖ ಬಿಳಿಚಿಕೊಂಡಿದೆ? ಏನಾಯ್ತು?" ಚಿಕ್ಕಮ್ಮ ಪಿಸುಗುಟ್ಟಿದರು.

ಹೇಳಿಬಿಡಬಹುದಿತ್ತು.

"ಏನಿಲ್ಲ."

ಆಟ ಶುರುವಾಯಿತು. ಸೂಜಿ ತನ್ನ ಕಂಪ್ಯೂಟರಿನಲ್ಲಿ ಆಡುತ್ತಿದ್ದಳು. ಗೋಡೆಯ ದೊಡ್ಡ ಪರದೆಯಲ್ಲಿ ಮಂತ್ರವಾದಿಯ ಕಡೆಯವರಿಗೆ ಕಾಣಬೇಕಾದಷ್ಟೇ ನೋಟ: ಬಯಲು, ಆಚೆ ಮಂಜು ಮುಚ್ಚಿದ ಕಾಡು. ಮಂತ್ರವಾದಿ ಮೊದಲ ಸರದಿಯಲ್ಲೇ ತನ್ನವರ ಸುತ್ತ ರಕ್ಷೆ ಕಟ್ಟಿ ಅರ್ಧ ಶಕ್ತಿ ಕಳೆದುಕೊಂಡ. ಸೂಜಿಯ ಕಡೆಯಿಂದ ಒಬ್ಬನೇ ಒಬ್ಬ ಸೈನಿಕ ಬಯಲಿಗೆ ಬಂದು ನಿಂತ. ಉಳಿದ ಸೈನ್ಯದ ಸುಳಿವೇ ಇಲ್ಲ.

ಇವಳಿಗೆ ಅರ್ಥವಾಯಿತು. ಆ ಒಬ್ಬ ಗಾಳಕ್ಕೆ ಸಿಕ್ಕಿಸಿದ ಹುಳು. ಸೈನ್ಯವೆಲ್ಲ ಕಾಡಿನಲ್ಲಿ ಗುಂಪಾಗಿ ಅಡಗಿದೆ. ಪ್ರಾಮಾಣಿಕ ಮಂತ್ರವಾದಿ ಬಯಲಿನವನಿಗೆ ಸಿಡಿಲು ಹೊಡೆಯುತ್ತಾನೆ, ಕಳ್ಳನಾದರೆ ಕಾಡಿನ ಮೇಲೆ ಬೆಂಕಿಮಳೆ ಸುರಿಸುತ್ತಾನೆ. ದೇವರೇ, ಕರೆಂಟಾದರೂ ಹೋಗಬಾರದೇ ಎಂದುಕೊಂಡಳು.

ಮಂತ್ರವಾದಿ ಕೋಲೆತ್ತಿದ. ಸಿಡಿಲು ಬಯಲಿನವನಿಗೆ ಬಡಿಯಿತು. ಅವನು ತೂರಾಡಿದ, ಬೀಳಲಿಲ್ಲ.

ಚಿಕ್ಕಮ್ಮ ಬೀಗಿದರು. "ನೋಡಿದ್ರಾ? ಕಂಡಿದ್ದಕ್ಕಷ್ಟೇ ಹೊಡೀತಾನೆ."

"ಹೂಂ," ಎಂದಳು ಸೂಜಿ. ಟಿಪ್ಪಣಿ ಪುಸ್ತಕ ಚೀಲಕ್ಕೆ ಹಾಕಿಕೊಂಡು ಎದ್ದೇಬಿಟ್ಟಳು. ಇವಳಿಗೆ ಹೋದ ಜೀವ ಬಂದಂತಾಯಿತು. ಬಾಗಿಲ ಹತ್ತಿರ ಸೂಜಿ ನಿಂತಳು.

"ಒಂದು ಕೇಳ್ತೀನಿ. ಬೆಂಕಿಮಳೆಗೆ ಬೇಕಾದಷ್ಟು ಶಕ್ತಿ ಅವನ ಹತ್ರ ಇತ್ತಾ?"

ಇವಳು ಬಾಯಿ ತೆರೆಯುವುದರೊಳಗೆ ಚಿಕ್ಕಮ್ಮ ಉತ್ಸಾಹದಿಂದ ಪರದೆಯ ಮೂಲೆಗೆ ಬೆರಳು ತೋರಿಸಿದರು. "ಇಲ್ಲ ನೋಡಿ, ರಕ್ಷೆಗೆ ಖರ್ಚಾಗಿತ್ತು. ಮುಂದಿನ ಸರದಿಗೆ ತುಂಬ್ಕೊಳ್ಳತ್ತೆ. ಕೂತ್ಕೊಳ್ಳಿ, ಅದನ್ನೂ ನೋಡೇ ಹೋಗಿ."

ಸೂಜಿ ಮರಳಿ ಕೂತಳು. ಒಂಟಿ ಸೈನಿಕನನ್ನು ಇದ್ದಲ್ಲೇ ಬಿಟ್ಟು ಸರದಿ ದಾಟಿಸಿದಳು. ಇವಳು ಚಿಕ್ಕಮ್ಮನ ಸೆರಗು ಹಿಡಿದೆಳೆದಳು. ಅವರು ತಿರುಗಿ ನೋಡಲಿಲ್ಲ.

ಮಂತ್ರವಾದಿ ಬಯಲಿನವನಿಗೆ ಬೆನ್ನು ಹಾಕಿ ಕಾಡಿನ ಕಡೆ ಕೋಲೆತ್ತಿದ.

"ಪೆದ್ದ," ಚಿಕ್ಕಮ್ಮ ನಕ್ಕರು. "ಅಲ್ಲಿ ಯಾರಿದ್ದಾರೆ ಅಂತ ಹೊಡೀತಾನೆ?"

ಬೆಂಕಿ ಸುರಿಯಿತು. ಮಂಜು ಕರಗಿತು. ಮರಗಳ ನಡುವೆ ಸೂಜಿಯ ಸೈನ್ಯ ಸಾಲಾಗಿ ಬೀಳುತ್ತಿತ್ತು.

ಸೂಜಿ ಪುಸ್ತಕ ಹೊರತೆಗೆದಳು. ಚಿಕ್ಕಮ್ಮ ಪರದೆ ನೋಡಿದರು. ಆಮೇಲೆ ತಮ್ಮ ಸೆರಗನ್ನು ಇನ್ನೂ ಹಿಡಿದಿದ್ದ ಕೈಯನ್ನು ನೋಡಿದರು.

"ಏನಿಲ್ಲ ಅಂದ್ಯಲ್ಲ," ಎಂದರು.