ಮಳೆಗೆ ತೊಳೆದುಹೋದ ಕಳೆ ಔಷಧಿ

ಈರುಳ್ಳಿ ಮಡಿಯಲ್ಲಿ ಕಳೆ ಮೊಣಕಾಲೆತ್ತರ ಬೆಳೆದಿತ್ತು. ಪೈರು ಎಲ್ಲಿದೆ ಎಂದು ಬಗ್ಗಿ ಹುಡುಕಬೇಕು.

"ನಿನ್ನ ಹೊಸ ಔಷಧಿ ನೀನೇ ಎರಡು ಸಲ ಹೊಡೆದೆ. ಏನಾಯ್ತು? ಕಳೆಗೆ ಎಣ್ಣೆ ಹಚ್ಚಿ ಸ್ನಾನ ಮಾಡಿಸಿದ ಹಾಗಾಯ್ತು!" ಎಂದು ಗಂಡ ರೇಗಿದ.

ಹೆಂಡತಿ ಅವನ ಕೈ ನೋಡಿದಳು. ಹಳೆಯ ರಾಸಾಯನಿಕ ಔಷಧಿಯನ್ನು ಬರಿಗೈಯಲ್ಲಿ ಕಲಸಿ ಕಲಸಿ ಅವನ ಅಂಗೈ ಸುಲಿದುಹೋಗಿತ್ತು. ಅಂಗಿಯ ಗುಂಡಿಯನ್ನೂ ಈಗ ಅವಳೇ ಹಾಕಬೇಕು. ಅದಕ್ಕೇ ಅವಳು ಹಠ ಹಿಡಿದು ಲವಂಗದೆಣ್ಣೆಯ ಔಷಧಿ ತಂದಿದ್ದಳು. ಅವನೋ ಮತ್ತೆ ಹಳೇ ಔಷಧಿಯ ಕ್ಯಾನನ್ನೇ ಶೆಡ್ಡಿನಿಂದ ಎಳೆಯುತ್ತಿದ್ದ.

ಅಷ್ಟರಲ್ಲಿ ಸಸಿ ಮಾರುವ ನರ್ಸರಿ ಅಕ್ಕ ಬಂದಳು. ನಡೆದದ್ದನ್ನೆಲ್ಲ ಕೇಳಿಕೊಂಡಳು.

"ಹೊಡೆದು ಎಷ್ಟು ಹೊತ್ತಿಗೆ ಮಳೆ ಬಂತು, ತಂಗಿ?"

"ಮೊದಲ ಸಲ ಪಂಪ್ ಕೆಳಗಿಡೋದ್ರೊಳಗೆ ಬಂತು ಅಕ್ಕಾ. ಎರಡನೇ ಸಲ ಮಳೆ ನಿಂತ ಕೂಡ್ಲೇ ಹೊಡೆದೆ. ಎಲೆ ಇನ್ನೂ ಒದ್ದೆ ಇತ್ತು."

"ಹಾಗಾದ್ರೆ ಎಲ್ಲಾ ಮಣ್ಣುಪಾಲು. ಇದು ಬೇರಿಗೆ ಇಳಿಯೋ ಔಷಧಿ ಅಲ್ಲಮ್ಮ, ತಾಗಿದ ಎಲೆ ಮಾತ್ರ ಸುಡುತ್ತೆ. ಎಲೆ ಮೇಲೆ ಕೂತು ಒಣಗಬೇಕು. ಮಳೆ ಬಂದ್ರೆ ತೊಳೆದು ಹೋಗುತ್ತೆ. ಎಲೆ ಒದ್ದೆ ಇದ್ರೆ ನೀರುನೀರಾಗುತ್ತೆ."

"ಇವತ್ತು ಬಿಸಿಲಿದೆಯಲ್ಲ, ಡಬಲ್ ಹೊಡೆಯೋಣ ಬಿಡಿ," ಎಂದ ಗಂಡ.

"ಬೇಡಪ್ಪ, ಪೈರೂ ಸುಟ್ಟುಹೋಗುತ್ತೆ. ಇಷ್ಟು ಬಲಿತ ಕಳೆ ಬೇರಿಂದ ಮತ್ತೆ ಚಿಗುರುತ್ತೆ. ಇದನ್ನ ಕೈಯಲ್ಲೇ ಕೀಳ್ಬೇಕು."

ಆರು ದಿನ ಕಿತ್ತರು. ಕಳೆಯ ಜೊತೆ ಈರುಳ್ಳಿಯೂ ಬೇರುಸಹಿತ ಎದ್ದು ಬಂತು. ಅರ್ಧ ಮಡಿ ಬರಿದಾಯಿತು. ಕೊನೆಯ ದಿನ ಅವಳ ಬೆರಳಿನ ಬೊಬ್ಬೆ ನೋಡಿ ಅವನು, "ನನ್ನ ಕೈ ಹೋಯ್ತು, ಈಗ ನಿಂದೂನಾ?" ಎಂದ. ಅವಳು ಮಡಿಯಲ್ಲೇ ಕೂತು ಅತ್ತಳು.

ಹದಿನೈದು ದಿನಕ್ಕೆ ಹೊಸ ಕಳೆ ಮೊಳೆಯಿತು, ಎರಡೆರಡೇ ಎಲೆ. ಮೋಡ ಕವಿದಿತ್ತು. ಅವಳು ಪಂಪ್ ಎತ್ತಿಕೊಂಡಾಗ "ತಡಿಯೇ, ರೇಡಿಯೋದಲ್ಲಿ ಏನಂತಾರೆ ಕೇಳೋಣ" ಎಂದವನು ಗಂಡನೇ. ಮೂರನೇ ದಿನ ಬಿಸಿಲು ಬಂತು. ಎಲೆ ಒಣಗಿದ ಮೇಲೆ, ಸಾಲುಗಳ ನಡುವೆ, ಪೈರಿಗೆ ತಾಗದಂತೆ ಹೊಡೆದಳು. ಮರುದಿನ ಕಳೆ ಕಂದಿ ಮಲಗಿತ್ತು.

"ಕೆಲಸ ಮಾಡುತ್ತೆ ಕಣೇ. ಇನ್ಮೇಲೆ ಇದೇ ಸಾಕು," ಎಂದ. ಬರಿದಾದ ಅರ್ಧ ಮಡಿಯ ಕಡೆ ಇಬ್ಬರೂ ನೋಡಲಿಲ್ಲ.

ಅಣ್ಣಂದಿರೇ, ಅಕ್ಕಂದಿರೇ, ಗಿಡದಿಂದ ಮಾಡಿದ ಔಷಧಿ ತಾನೇ ಎಂಬ ಅಸಡ್ಡೆ ಬೇಡ. ಕೈಗವಸು ಹಾಕಿ. ಹೊಡೆದ ಮೇಲೆ ಎಷ್ಟು ಗಂಟೆ ಮಳೆ ಬರಬಾರದು ಎಂಬುದು ಡಬ್ಬಿಯ ಮೇಲೆ ಬರೆದಿರುತ್ತದೆ. ಓದಿ, ಓದಲು ಬಾರದಿದ್ದರೆ ಓದಿಸಿ. ಕಳೆ ಎಳೆಯದಾಗಿರುವಾಗಲೇ ಹೊಡೆಯಿರಿ. ಮೋಡ ಕಂಡರೆ ಕಾಯಿರಿ. ಒಂದು ದಿನ ತಡವಾದರೆ ಕಳೆ ಒಂದು ಬೆರಳು ಬೆಳೆದೀತು, ಅಷ್ಟೇ. ಹೋದ ಪೈರು ಮತ್ತೆ ಬರುವುದಿಲ್ಲ.